‘ಲೈನಿಂಗ್’ ಎಂದರೆ ಒಳಪದರವೇ?

ಹಳೆಯ ಸೇನಾ ಜೀಪೊಂದರ ಮಾರಾಟದ ವಿವರದಲ್ಲಿ ‘ನಾಲ್ಕೂ ಚಕ್ರಗಳ ಬ್ರೇಕ್ ಶೂಗಳಿಗೆ ಹೊಸ ಒಳಪದರ ಹಾಕಿಸಲಾಗಿದೆ’ ಎಂಬ ವಾಕ್ಯವನ್ನು ಈ ವರ್ಷ ಮೂರನೆಯ ಬಾರಿ ಓದಿದ ಮೇಲೆ ಈ ಟಿಪ್ಪಣಿ ಬರೆಯದೆ ಇರಲಾಗಲಿಲ್ಲ. ಬ್ರೇಕ್ ಶೂ ಎಂದರೆ ಚಕ್ರದೊಂದಿಗೆ ತಿರುಗುವ ಡ್ರಮ್ಮಿನೊಳಗೆ ಕೂತಿರುವ ಕಮಾನಿನಾಕಾರದ ಉಕ್ಕಿನ ತುಂಡು; ಅದಕ್ಕೆ ಒಳಪದರವೇ ಇಲ್ಲ. ಪೆಡಲ್ ಒತ್ತಿದಾಗ ಶೂ ಹೊರಕ್ಕೆ ಸರಿದು ಡ್ರಮ್ಮಿನ ಒಳಮೈಯನ್ನು ಉಜ್ಜುತ್ತದೆ. ಉಜ್ಜುವ ಆ ಪಟ್ಟಿ ಶೂವಿನ ಹೊರಮೈಗೆ ಅಂಟಿಕೊಂಡಿರುತ್ತದೆ. ನಿಘಂಟಿನಲ್ಲಿ ‘ಲೈನಿಂಗ್’ ಎಂಬ ಪದಕ್ಕೆ ಕೊಟ್ಟಿರುವ ಕೋಟಿನ ಅಸ್ತರಿನ ಅರ್ಥವನ್ನು ಎತ್ತಿ ಡ್ರಮ್ಮಿನೊಳಗೆ ಇಟ್ಟಿದ್ದರಿಂದ ಆದ ತಪ್ಪು ಇದು.

ಪದದ ಮೂಲ ನೋಡಿದರೆ ತಪ್ಪು ಹೇಗಾಯಿತೆಂಬುದು ತಿಳಿಯುತ್ತದೆ. ಲ್ಯಾಟಿನ್ನಿನ ‘ಲೀನುಮ್’ ಎಂದರೆ ಅಗಸೆ ಗಿಡ, ಅದರ ನಾರು. ಇಂಗ್ಲಿಷಿನ ‘ಲಿನನ್’ ಆ ನಾರಿನ ಬಟ್ಟೆ. ದಪ್ಪ ಉಡುಪಿನ ಒಳಗೆ ಲಿನನ್ ಬಟ್ಟೆಯನ್ನು ಹಾಕಿ ಹೊಲಿಯುತ್ತಿದ್ದುದರಿಂದ ಹಾಗೆ ಹಾಕುವ ಕ್ರಿಯೆಗೆ ‘ಲೈನ್’ ಎಂಬ ಹೆಸರು ಬಂತು, ಹಾಕಿದ ಬಟ್ಟೆ ‘ಲೈನಿಂಗ್’ ಆಯಿತು. ಅದೇ ಅಗಸೆಯ ದಾರವನ್ನು ಬಿಗಿಹಿಡಿದರೆ ನೇರ ಗೆರೆ ಸಿಗುತ್ತದೆ. ‘ಲೀನೆಯಾ’ ಎಂಬ ಆ ದಾರದಿಂದ ಗೆರೆ ಎಂಬ ಅರ್ಥದ ‘ಲೈನ್’ ಹುಟ್ಟಿತು, ಅದರಿಂದಲೇ ‘ಅಲೈನ್‌ಮೆಂಟ್’ ಕೂಡ. ಹೀಗಾಗಿ ‘ರೀಲೈನಿಂಗ್’ ಮತ್ತು ‘ಅಲೈನ್‌ಮೆಂಟ್’ ಒಂದೇ ಅಜ್ಜಿಯ ಮೊಮ್ಮಕ್ಕಳು ನಿಜ, ಆದರೆ ಕೆಲಸಗಳು ಬೇರೆ. ಒಂದು ಸವೆದ ಪಟ್ಟಿಯನ್ನು ತೆಗೆದು ಹೊಸದನ್ನು ಕೂರಿಸುವುದು, ಇನ್ನೊಂದು ಚಕ್ರಗಳನ್ನು ಸರಿಯಾದ ಕೋನಕ್ಕೆ ತರುವುದು. ‘ಬ್ರೇಕ್ ಅಲೈನ್ ಮಾಡಿಸಿದೆ’ ಎನ್ನುವವರು ಯಾವುದನ್ನು ಮಾಡಿಸಿದರೆಂದು ನಾನು ಪ್ರತಿಸಲವೂ ಕೇಳಿ ತಿಳಿಯಬೇಕಾಗುತ್ತದೆ.

ಉಡುಪಿನ ಪದ ಬ್ರೇಕಿಗೆ ಬಂದುದಕ್ಕೂ ಕಾರಣವಿದೆ. ಮೊದಲ ಕಾಲದ ಅನೇಕ ಮೋಟಾರು ವಾಹನಗಳಲ್ಲಿ ಡ್ರಮ್ಮಿನ ಹೊರಗೆ ಉಕ್ಕಿನ ಪಟ್ಟಿಯೊಂದು ಸುತ್ತಿಕೊಂಡಿರುತ್ತಿತ್ತು; ಸನ್ನೆಕೋಲು ಎಳೆದಾಗ ಅದು ಬಿಗಿಯಾಗಿ ಡ್ರಮ್ಮನ್ನು ಹಿಡಿಯುತ್ತಿತ್ತು. ಆ ಪಟ್ಟಿಯ ಒಳಮೈಗೆ ನೇಯ್ದ ಬಟ್ಟೆಯ ಪದರವಿರುತ್ತಿತ್ತು. ಇಂಗ್ಲೆಂಡಿನ ಡರ್ಬಿಶೈರಿನಲ್ಲಿ ಹರ್ಬರ್ಟ್ ಫ್ರೂಡ್ 1897ರಲ್ಲಿ ಆರಂಭಿಸಿದ, ಮುಂದೆ ಫೆರೋಡೋ ಎಂದು ಹೆಸರಾದ ಉದ್ಯಮದ ಮೊದಲ ಸರಕು ಕೂಡ ಹತ್ತಿಯ ನೇಯ್ಗೆಯದೇ. ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಬಂದದ್ದು 1908ರಲ್ಲಿ. ಬಟ್ಟೆಯೇ ಇದ್ದು, ಅದು ಒಳಗೇ ಇದ್ದಾಗ ‘ಲೈನಿಂಗ್’ ಎಂಬುದು ಅಚ್ಚುಕಟ್ಟಾದ ಹೆಸರು. ಅನಂತರ ಶೂಗಳು ಡ್ರಮ್ಮಿನ ಒಳಗೆ ಸೇರಿದವು, ಉಜ್ಜುವ ಮೈ ಹೊರಮುಖವಾಯಿತು, ಹೆಸರು ಮಾತ್ರ ಹಾಗೆಯೇ ಉಳಿಯಿತು.

ಎರಡನೆಯ ಮಹಾಯುದ್ಧದ ವಿಲ್ಲೀಸ್ ಎಂಬಿ ಜೀಪಿನಲ್ಲಿ ಈ ಎರಡೂ ಕಾಲಗಳನ್ನು ಒಟ್ಟಿಗೆ ನೋಡಬಹುದು. ಅದರ ಹ್ಯಾಂಡ್‌ಬ್ರೇಕ್, ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂಭಾಗದಲ್ಲಿರುವ ಚಿಕ್ಕ ಡ್ರಮ್ಮನ್ನು ಹೊರಗಿನಿಂದ ಸುತ್ತುವ ಪಟ್ಟಿ. ಅಲ್ಲಿಯ ಲೈನಿಂಗ್ ನಿಜವಾಗಿ ಅಸ್ತರು. ಚಕ್ರಗಳ 9 ಇಂಚಿನ ಡ್ರಮ್ಮುಗಳಲ್ಲಿ ಅದು ಶೂವಿನ ಹೊರಮೈ. ಕ್ಲಚ್ ಪ್ಲೇಟಿನಲ್ಲಿ ಒಳಗೂ ಇಲ್ಲ, ಹೊರಗೂ ಇಲ್ಲ, ತಟ್ಟೆಯ ಎರಡು ಮುಖಗಳಲ್ಲಿ ಒಂದೊಂದು ಉಂಗುರ. ಅದಕ್ಕೆ ಇಂಗ್ಲಿಷಿನಲ್ಲಿ ‘ಫೇಸಿಂಗ್’ ಎಂಬ ಹೆಚ್ಚು ಸರಿಯಾದ ಪದವೇ ಇದೆ. ಒಂದೇ ಗಾಡಿಯ ಈ ಮೂರು ಜಾಗಗಳಿಗೂ ‘ಒಳಪದರ’ ಎಂದು ಬರೆದರೆ ಓದಿ ಕೆಲಸಕ್ಕೆ ಕೈಹಾಕುವವನು ಎರಡು ಕಡೆ ದಾರಿ ತಪ್ಪುತ್ತಾನೆ.

ಶೂವಿನ ಮಟ್ಟಿಗೆ ಕನ್ನಡದಲ್ಲಿ ಒಳ್ಳೆಯ ಪದವಿದೆ: ಅಟ್ಟೆ. ಚಪ್ಪಲಿಯ ಅಟ್ಟೆ ಸವೆದರೆ ಚಪ್ಪಲಿಯನ್ನು ಎಸೆಯದೆ ಹೊಸ ಅಟ್ಟೆ ಹಾಕಿಸುತ್ತೇವೆ. ರೀಲೈನಿಂಗ್ ಅದೇ ಕೆಲಸ. ಇದು ಬರಿಯ ಹೋಲಿಕೆಯೂ ಅಲ್ಲ. 1888ರಲ್ಲಿ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಕಾರು ಓಡಿಸಿಕೊಂಡು ಹೋದ ಬೆರ್ಟಾ ಬೆಂಜ್, ಬ್ರೇಕಿನ ಮರದ ತುಂಡುಗಳು ಸವೆದಾಗ ದಾರಿಯಲ್ಲಿ ಪಾದರಕ್ಷೆ ಮಾಡುವವನೊಬ್ಬನಿಂದ ಅವಕ್ಕೆ ಚರ್ಮ ಹೊಡೆಸಿದರು. ಗ್ಯಾರೇಜುಗಳಲ್ಲಿ ಬಳಕೆಯಲ್ಲಿರುವ ‘ಲೈನರ್’ ಎಂಬ ಪದದ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಹಾಗೆ ಕೇಳಿದರೆ ಅರ್ಥವಾಗುತ್ತದೆ. ಆದರೆ ಎಂಜಿನ್ನಿನ ಸಿಲಿಂಡರಿಗೂ ಲೈನರ್ ಇರುವುದರಿಂದ ಬರವಣಿಗೆಯಲ್ಲಿ ‘ಬ್ರೇಕ್ ಲೈನರ್’ ಎಂದು ಪೂರ್ತಿಯಾಗಿ ಬರೆಯಬೇಕು.

‘ಶೂ ಬದಲಾಯಿಸುವುದು’ ಮತ್ತು ‘ರೀಲೈನಿಂಗ್’ ಒಂದೇ ಅಲ್ಲ ಎಂಬುದನ್ನೂ ಒತ್ತಿ ಹೇಳಬೇಕಾಗಿದೆ. ಹಳೆಯ ಸೇನಾ ವಾಹನದಲ್ಲಿ ಉಕ್ಕಿನ ಶೂ ಕಾರ್ಖಾನೆಯಿಂದ ಬಂದ ಮೂಲ ಭಾಗ. ಅದನ್ನು ಉಳಿಸಿಕೊಳ್ಳುವುದಕ್ಕಾಗಿಯೇ ರೀಲೈನಿಂಗ್ ಇದೆ. ಆ ಕಾಲದ ಲೈನಿಂಗುಗಳು ರಿವೆಟ್ ಹೊಡೆದವು, ಆದ್ದರಿಂದಲೇ ಮನೆಯಲ್ಲಿ ಮಾಡಬಹುದಾದವು. ಹಳೆಯ ರಿವೆಟ್ ತೆಗೆದು, ಶೂ ಸೊಟ್ಟಗಾಗಿಲ್ಲವೆಂದು ನೋಡಿ, ಹೊಸ ಪಟ್ಟಿಯನ್ನು ಕ್ಲ್ಯಾಂಪಿನಿಂದ ಬಿಗಿದು, ನಡುವಿನ ರಿವೆಟ್‌ನಿಂದ ಆರಂಭಿಸಿ ಎರಡು ತುದಿಗಳ ಕಡೆಗೆ ಹೋಗಬೇಕು. ತುದಿಗಳಿಂದ ಆರಂಭಿಸಿದರೆ ನಡುವೆ ಪಟ್ಟಿ ಉಬ್ಬಿ, ಅಡಿಯಲ್ಲಿ ಸಂದು ಉಳಿಯುತ್ತದೆ. ಆ ಸಂದಿನ ಮೇಲೆ ಒತ್ತಡ ಬಿದ್ದಾಗ ಪಟ್ಟಿ ಬಿರುಕು ಬಿಡುತ್ತದೆ. ರಿವೆಟ್‌ನ ತಲೆ ಪಟ್ಟಿಯ ಮೈಗಿಂತ ಕೆಳಗೆ ಹುದುಗಿರಬೇಕು, ಇಲ್ಲವಾದರೆ ಹಿತ್ತಾಳೆ ಡ್ರಮ್ಮನ್ನು ಗೀರುತ್ತದೆ. ಕೊನೆಗೆ ಡ್ರಮ್ಮಿನ ಒಳಮೈಗೆ ಸೀಮೆಸುಣ್ಣ ಸವರಿ, ಶೂವನ್ನು ಒತ್ತಿ ಹಿಡಿದು ಉಜ್ಜಿ, ಗುರುತು ಎಲ್ಲಿ ಬಿತ್ತೆಂದು ನೋಡಬೇಕು. ಎರಡು ತುದಿಗಳಲ್ಲಿ ಮಾತ್ರ ಬಿದ್ದರೆ ಬ್ರೇಕ್ ಥಟ್ಟನೆ ಕಚ್ಚುತ್ತದೆ, ಆಗ ತುದಿಗಳನ್ನು ತೇಯ್ದು ಡ್ರಮ್ಮಿನ ವಕ್ರತೆಗೆ ಹೊಂದಿಸಬೇಕು.

ಮನೆಬಳಕೆಯ ಎಪಾಕ್ಸಿ ಅಂಟಿನಿಂದ ಲೈನಿಂಗ್ ಕೂರಿಸಿ ಅದನ್ನೂ ರೀಲೈನಿಂಗ್ ಎನ್ನುವವರಿದ್ದಾರೆ. ಅಂಟಿನ ಲೈನಿಂಗ್ ಸುಳ್ಳಲ್ಲ, ಕ್ರೈಸ್ಲರ್ ಕಾರುಗಳಲ್ಲಿ ಅದು 1949ರಿಂದ ಇದೆ. ಆದರೆ ಅದು ಬಿಗಿಯಾಗಿ ಒತ್ತಿಟ್ಟು ಒಲೆಯಲ್ಲಿ ಬೇಯಿಸುವ ಬೇರೆಯೇ ಅಂಟು. ಡ್ರಮ್ಮಿನ ಕಾವಿಗೆ ಮನೆಯ ಅಂಟು ಮೆತ್ತಗಾಗಿ ಪಟ್ಟಿ ಕಳಚಿಕೊಳ್ಳುತ್ತದೆ. ಘಾಟಿಯ ಇಳಿಜಾರಿನಲ್ಲಿ ಹೀಗಾದರೆ ಏನಾಗುತ್ತದೆಂದು ಯಾರೂ ಪರೀಕ್ಷಿಸಿ ನೋಡಬಾರದು.

ಕ್ಲಚ್ಚಿಗೆ ರಿವೆಟ್ ಹೊಡೆಯುವ ಕ್ರಮ ಬೇರೆ. ಎರಡು ಫೇಸಿಂಗುಗಳ ನಡುವಿನ ಅಲೆಯಾಕಾರದ ಸ್ಪ್ರಿಂಗ್ ಎಲೆಗಳು ಚಪ್ಪಟೆಯಾಗದಂತೆ, ಒಂದು ರಿವೆಟ್‌ನ ತಲೆ ಎಂಜಿನ್ನಿನೊಂದಿಗೆ ತಿರುಗುವ ಫ್ಲೈವೀಲಿನ ಕಡೆಗೆ, ಮುಂದಿನದು ಕ್ಲಚ್ ತಟ್ಟೆಯನ್ನು ಅದಕ್ಕೆ ಒತ್ತುವ ಪ್ರೆಶರ್ ಪ್ಲೇಟಿನ ಕಡೆಗೆ ಬರುವಂತೆ ಹೊಡೆಯಬೇಕು; ಎಲೆಗಳು ಚಪ್ಪಟೆಯಾದರೆ ಗಾಡಿ ಹೊರಡುವಾಗ ನಡುಗುತ್ತದೆ.

ಇನ್ನೊಂದು ಪದ ‘ಎನ್‌ಓಎಸ್’, ಅಂದರೆ ಬಳಸದೆ ಉಳಿದ ಹಳೆಯ ದಾಸ್ತಾನು. ಸೇನೆಯ ಹಸಿರು ಪೊಟ್ಟಣದಲ್ಲಿ ಬಂದ ಲೈನಿಂಗನ್ನು ಅಪ್ಪಟ ಎಂದು ಹೊಗಳಿ ಕೊಳ್ಳುವವರು ಅದರಲ್ಲಿ ಸಾಮಾನ್ಯವಾಗಿ ಕಲ್ನಾರು ಇರುತ್ತದೆಂಬುದನ್ನು ಮರೆಯುತ್ತಾರೆ. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ, ಆದ್ದರಿಂದ ಅದನ್ನು ತೇಯಬಾರದು, ಕೊರೆಯಬಾರದು; ಹಳೆಯ ಡ್ರಮ್ಮು ಬಿಚ್ಚಿದಾಗ ಒಳಗಿನ ಧೂಳನ್ನು ಗಾಳಿಯ ಪೈಪಿನಿಂದ ಊದಬಾರದು. ನೀರಿನಿಂದ ನೆನೆಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಮುಚ್ಚಬೇಕು. ಕೊಳ್ಳುವಾಗ ಕಲ್ನಾರಿಲ್ಲದ ಹೊಸ ಪಟ್ಟಿಯನ್ನೇ ಕೇಳಿ, ಅಂಚಿನಲ್ಲಿ ಅಚ್ಚಾಗಿರುವ ಎರಡು ಅಕ್ಷರಗಳನ್ನು ನೋಡಿ: ಮೊದಲನೆಯದು ಸಾಧಾರಣ ಕಾವಿನ ಹಿಡಿತ, ಎರಡನೆಯದು ಬಿಸಿಯೇರಿದಾಗಿನ ಹಿಡಿತ. ‘ಎಫ್‌ಎಫ್’ ಎಂದಿದ್ದರೆ ಘರ್ಷಣಾಂಕ, ಅಂದರೆ ಆ ಹಿಡಿತದ ಅಳತೆ, ಎರಡು ಸ್ಥಿತಿಗಳಲ್ಲೂ 0.35ರಿಂದ 0.45ರ ನಡುವೆ ಇದೆಯೆಂದು ಅರ್ಥ.