‘ರ‍್ಯಾಂಕ್’ ಬರೆಯಲು ಬಾರದ ಫೋನುಗಳು

ಹೊಸ ಫೋನು ಕೈಗೆ ಬಂದಾಗ ನಾನು ಮೊದಲು ನೋಡುವುದು ಕ್ಯಾಮೆರಾವನ್ನಲ್ಲ. ಟಿಪ್ಪಣಿ ಬರೆಯುವ ಆ್ಯಪ್ ತೆರೆದು ‘ರ‍್ಯಾಂಕ್’ ಎಂಬ ಒಂದೇ ಪದವನ್ನು ಬರೆಯುತ್ತೇನೆ. ಎಷ್ಟೋ ಕೀಲಿಮಣೆಗಳಲ್ಲಿ ಅದು ‘ರ್ಯಾಂಕ್’ ಆಗಿಬಿಡುತ್ತದೆ. ರಕಾರ ಅರ್ಕಾವತ್ತಾಗಿ ಯಕಾರದ ಬಲಕ್ಕೆ ಹೋಗಿ ನಿಲ್ಲುತ್ತದೆ. ಸೂರ್ಯ, ಕಾರ್ಯ ಎಂದು ಬರೆಯುವಾಗ ಅದು ಸರಿ. ರ‍್ಯಾಂಕ್, ರ‍್ಯಾಲಿ ಎಂದು ಬರೆಯುವಾಗ ತಪ್ಪು. ರಕಾರದ ಪಕ್ಕದಲ್ಲಿ ಕಣ್ಣಿಗೆ ಕಾಣದ ಒಂದು ಕೊಂಡಿಚಿಹ್ನೆಯನ್ನು ಇಟ್ಟರೆ ಅಕ್ಷರ ತನ್ನ ಜಾಗದಲ್ಲಿ ಉಳಿಯುತ್ತದೆ. ಆ ಚಿಹ್ನೆಗೆ ಕೀಲಿಮಣೆಯಲ್ಲಿ ಜಾಗ ಕೊಟ್ಟಿದ್ದಾರೆಯೇ ಎಂಬುದರಲ್ಲೇ ಅದನ್ನು ಮಾಡಿದವರು ಕನ್ನಡವನ್ನು ಎಷ್ಟು ಬಲ್ಲರು ಎಂಬುದು ನನಗೆ ತಿಳಿಯುತ್ತದೆ.

ಈ ಸಣ್ಣ ತೊಡಕಿನ ಹಿಂದೆ ದೊಡ್ಡ ಕಥೆಯೇ ಇದೆ. ಮೊದಲಿಗೆ ಕಂಪ್ಯೂಟರಿನಲ್ಲಿ ಕನ್ನಡ ಕಾಣುತ್ತಿದ್ದುದು ವೇಷ ಹಾಕಿಕೊಂಡು. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರಗಳನ್ನು ಹೊದಿಸಿ ಫಾಂಟ್ ಮಾಡುತ್ತಿದ್ದರು. ಆ ಫಾಂಟ್ ಇಲ್ಲದ ಗಣಕದಲ್ಲಿ ಅದೇ ಕಡತವನ್ನು ತೆರೆದರೆ ಟೋಪಿ, ಚುಕ್ಕಿ ಹೊತ್ತ ರೋಮನ್ ಅಕ್ಷರಗಳ ಸಂತೆ ಕಾಣುತ್ತಿತ್ತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಬೇಕಾದರೆ ಪತ್ರದ ಜೊತೆಗೆ ಫಾಂಟನ್ನೂ ಕಳುಹಿಸಬೇಕಿತ್ತು.

ಇಷ್ಟಾದರೂ ಆ ಕಾಲದ ಕೆಲಸವನ್ನು ನಾನು ತುಂಬು ಗೌರವದಿಂದ ನೆನೆಯುತ್ತೇನೆ. ಕೆ.ಪಿ. ರಾವ್ ಅವರು ಕನ್ನಡದ ಉಚ್ಚಾರಣೆಯನ್ನೇ ಅನುಸರಿಸುವ ಕೀಲಿಮಣೆ ವಿನ್ಯಾಸವನ್ನು ರೂಪಿಸಿ, ತಮ್ಮ ‘ಸೇಡಿಯಾಪು’ ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಕನ್ನಡ ಬರೆಯಲು ಶೇಷಾದ್ರಿವಾಸು ಅವರು ರೂಪಿಸಿದ ‘ಬರಹ’ ತಂತ್ರಾಂಶ 1998ರಲ್ಲಿ ಬಂತು. ಸರ್ಕಾರಿ ಕಚೇರಿಗಳಿಗೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ನುಡಿಯಲ್ಲಿ ಕೈ ಪಳಗಿದವರು ಇಂದಿಗೂ ‘ಎಫ್’ ಕೀಲಿಯನ್ನು ಒತ್ತಕ್ಷರದ ಕೊಂಡಿಯೆಂದೇ ತಿಳಿಯುತ್ತಾರೆ; ಅವರ ಬೆರಳುಗಳಿಗೆ ‘ಸ್ತ್ರೀ’ ಬರೆಯಲು ಯೋಚನೆಯೇ ಬೇಡ. ಆದರೆ ಹಳೆಯ ಸಂಕೇತಗಳಲ್ಲಿ ಉಳಿದುಹೋದ ಲೇಖನ, ಆದೇಶ, ಪುಸ್ತಕಗಳು ಪರಿವರ್ತಕದ ಮೂಲಕ ಹಾದು ಬರದಿದ್ದರೆ ಇಂದಿಗೂ ಹುಡುಕಿದವರ ಕಣ್ಣಿಗೆ ಬೀಳುವುದಿಲ್ಲ. ನನ್ನನ್ನು ಹೆಚ್ಚು ಕಾಡುವ ನಷ್ಟ ಇದು.

ಪರಿಹಾರ ಇರಲಿಲ್ಲವೆಂದಲ್ಲ. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಒಂದೊಂದು ಪ್ರತ್ಯೇಕ ಸಂಕೇತ ಕೊಡುವ ಯುನಿಕೋಡ್ ವ್ಯವಸ್ಥೆ 1991ರ ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ಪಟ್ಟಿಯನ್ನು ಕೊಟ್ಟಿತ್ತು. ಆದರೆ ಯುನಿಕೋಡ್ ಅಕ್ಷರಗಳನ್ನು ಸಾಲಾಗಿ ಇಡುತ್ತದೆಯೇ ಹೊರತು ಕೂಡಿಸುವುದಿಲ್ಲ. ‘ಸ್ತ್ರೀ’ ಎಂಬುದು ಅದರ ಲೆಕ್ಕದಲ್ಲಿ ಸಕಾರ, ವಿರಾಮ (ಅಕ್ಷರವನ್ನು ಅರ್ಧವಾಗಿಸುವ ಚಿಹ್ನೆ), ತಕಾರ, ವಿರಾಮ, ರಕಾರ, ದೀರ್ಘ ಈಕಾರ ಎಂಬ ಆರು ಸಂಕೇತಗಳು. ಅವನ್ನು ಒಂದರ ಕೆಳಗೊಂದು ಜೋಡಿಸಿ ತೋರಿಸುವುದು ಯಂತ್ರದೊಳಗಿನ ಬೇರೊಂದು ತಂತ್ರಾಂಶದ ಕೆಲಸ. ಆ ಕೆಲಸ ಬಲ್ಲ ವಿಂಡೋಸ್ ಎಕ್ಸ್‌ಪಿ, ‘ತುಂಗಾ’ ಫಾಂಟಿನೊಂದಿಗೆ 2001ರಲ್ಲಿ ಬಂತು. ಪಟ್ಟಿಗೂ ಪರದೆಗೂ ನಡುವೆ ಹತ್ತು ವರ್ಷ ಸರಿದಿತ್ತು. ಕನ್ನಡ ವಿಕಿಪೀಡಿಯ ಶುರುವಾದದ್ದು ಅದಾದ ಮೇಲೆ, 2003ರಲ್ಲಿ.

ಗಣಕದಲ್ಲಿ ಗೆದ್ದೆವು ಎನ್ನುವಷ್ಟರಲ್ಲಿ ಮೊಬೈಲ್ ಬಂದು ಎಲ್ಲವೂ ಮತ್ತೆ ಮೊದಲಿನಿಂದ ಶುರುವಾಯಿತು. ಆಗಿನ ಫೋನುಗಳಲ್ಲಿ ಕನ್ನಡದ ಪುಟ ತೆರೆದರೆ ಬರೀ ಖಾಲಿ ಡಬ್ಬಗಳ ಸಾಲು. ಆಗ ನಮ್ಮನ್ನು ಕಾಪಾಡಿದ್ದು ಒಪೇರಾ ಮಿನಿ ಎಂಬ ಬ್ರೌಸರ್. ಅದರ ವಿಳಾಸಪಟ್ಟಿಯಲ್ಲಿ ‘ಕಾನ್ಫಿಗ್’ ಎಂದು ಬರೆದು ತೆರೆದು, ಕೆಳಗಿನ ಒಂದು ಆಯ್ಕೆಯನ್ನು ಬದಲಿಸಿದರೆ ಸಾಕು. ಕಂಪನಿಯ ಸರ್ವರ್ ಕನ್ನಡವನ್ನು ಚಿತ್ರವಾಗಿಸಿ ಕಳುಹಿಸುತ್ತಿತ್ತು. ಎಷ್ಟೋ ಸ್ನೇಹಿತರ ಫೋನುಗಳಲ್ಲಿ ನಾನು ಈ ಬದಲಾವಣೆ ಮಾಡಿಕೊಟ್ಟಿದ್ದೇನೆ. ಡಬ್ಬಗಳಿದ್ದ ಜಾಗದಲ್ಲಿ ಸುದ್ದಿ ಮೂಡಿದಾಗ ಅವರ ಮುಖ ಅರಳುತ್ತಿದ್ದ ಬಗೆ ಮರೆಯುವಂಥದ್ದಲ್ಲ. ಆಗಿನ ಸಾಮಾಜಿಕ ಜಾಲತಾಣ ಆರ್ಕುಟ್‌ನಲ್ಲಿ, ಎಸ್ಸೆಮ್ಮೆಸ್‌ನಲ್ಲಿ ನಾವು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದನ್ನು ರೂಢಿಸಿಕೊಂಡದ್ದು ಆ ದಿನಗಳಲ್ಲೇ. ಅದನ್ನು ಬರೀ ಸೋಮಾರಿತನವೆಂದು ಬೈಯುವವರು ಆಗಿನ ಫೋನುಗಳನ್ನು ನೆನಪಿಸಿಕೊಳ್ಳಬೇಕು. ಸಾಧನ ಬಂದರೂ ಅಭ್ಯಾಸ ಬೆರಳಲ್ಲಿ ಉಳಿದುಬಿಟ್ಟಿತು.

ಆಂಡ್ರಾಯ್ಡ್ ಕನ್ನಡವನ್ನು ಸರಿಯಾಗಿ ಬೆಂಬಲಿಸಿದ್ದು 2012ರ 4.1 ಆವೃತ್ತಿಯಲ್ಲಿ, ತೆಲುಗು ಮತ್ತು ಮಲಯಾಳಂ ಜೊತೆಗೆ. ಐಫೋನ್ ಮಾರುಕಟ್ಟೆಗೆ ಬಂದದ್ದು 2007ರಲ್ಲಿ; ಕಂಪನಿಯದೇ ಕನ್ನಡ ಕೀಲಿಮಣೆ ಅದರೊಳಗೆ ಬಂದದ್ದು 2017ರ ಐಒಎಸ್ 11ರೊಂದಿಗೆ. ಇವೆರಡರ ನಡುವೆ ಇನ್ನೊಂದು ಪೆಟ್ಟು ಬಿತ್ತು. 2016ರ ಡಿಸೆಂಬರ್‌ನಲ್ಲಿ ಅಮೆಜಾನ್ ಕಂಪನಿ ತನ್ನ ಇ-ಪುಸ್ತಕ ಓದುವ ಸಾಧನ ಕಿಂಡಲ್‌ಗೆ ಭಾರತೀಯ ಭಾಷೆಗಳ ಪುಸ್ತಕಗಳನ್ನು ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು. ಕನ್ನಡ ಇರಲಿಲ್ಲ. ಮಲಯಾಳಂ ಲಿಪಿಯನ್ನು ಜೋಡಿಸಬಲ್ಲ ಕಂಪನಿಗೆ ಕನ್ನಡದ ಲಿಪಿ ಕಷ್ಟವಾಯಿತೆಂದು ನಾನು ನಂಬಲಾರೆ. ಗಿರಾಕಿಗಳಾಗಿ ನಮ್ಮನ್ನು ಎಣಿಸಿರಲಿಲ್ಲ, ಅಷ್ಟೇ. ನಾವೂ ಗಟ್ಟಿಯಾಗಿ ಕೇಳಿರಲಿಲ್ಲ.

ಅದಕ್ಕಾಗಿಯೇ ಕನ್ನಡದಲ್ಲಿ ಫೋನುಗಳ ವಿಮರ್ಶೆ ಮಾಡುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆ ಎಂದು ಹೇಳಿದ ಮೇಲೆ, ಫೋನಿನ ಜೊತೆಗೆ ಬಂದ ಕನ್ನಡ ಕೀಲಿಮಣೆಯನ್ನು ತೆರೆದು ‘ಸ್ತ್ರೀ’, ‘ಜ್ಯೋತ್ಸ್ನಾ’, ‘ರ‍್ಯಾಂಕ್’ ಬರೆದು ನೋಡಿ. ಏನು ಮೂಡಿತೋ ಅದರ ಚಿತ್ರವನ್ನು ಹಾಗೆಯೇ ಹಾಕಿ.