ಡ್ರೋನ್ ಮೋಟಾರಿನ ಕೆವಿ: 1000 ಸಾಕಾ, 1400 ಬೇಕಾ?

ಪುಣೆಯ ತಾಪಕೀರ್ ಗಲ್ಲಿಯಲ್ಲಿ ಡ್ರೋನ್ ಮೋಟಾರ್ ಕೇಳಿದರೆ ಅಂಗಡಿಯವರು ತಿರುಗಿ ಕೇಳುವುದು ಒಂದೇ ಮಾತು: "ಹಜಾರ್‌ವಾಲಾ ಯಾ ಚೌದಾ ಸೌ?" ಎರಡೂ ಎ2212 ಮೋಟಾರೇ. ಗಾತ್ರ ಒಂದೇ, ತೂಕ ಹೆಚ್ಚುಕಮ್ಮಿ ಒಂದೇ, ಬೆಲೆಯಲ್ಲೂ ದೊಡ್ಡ ವ್ಯತ್ಯಾಸ ಇಲ್ಲ. ಹಾಗಿದ್ದರೆ ದೊಡ್ಡ ನಂಬರಿನದೇ ತಗೊಂಡರೆ ಲಾಭ ಅಲ್ವಾ? ಇಲ್ಲ. ಯಾಕೆ ಇಲ್ಲ ಅನ್ನುವುದು ತಲೆಯಲ್ಲಿ ಇನ್ನೂ ಬಿಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್) ವೈರಿಂಗ್, ಫ್ರೇಮ್ ಜೋಡಣೆ ಇಲ್ಲಿ ಇಲ್ಲ, ಅದು ನೋಡಿದರೆ ಗೊತ್ತಾಗುತ್ತದೆ.

ಮೊದಲೇ ಒಂದು ಮಾತು. ಈ ಟಿಪ್ಪಣಿಯಲ್ಲಿ "ಸುತ್ತು" ಅಂದರೆ ಒಳಗಿನ ತಾಮ್ರದ ತಂತಿಯ ಸುತ್ತು. ಮೋಟಾರ್ ತಿರುಗುವ ವೇಗಕ್ಕೆ ಆರ್‌ಪಿಎಂ ಅಂತಲೇ ಬರೆಯುತ್ತೇನೆ. ಎರಡಕ್ಕೂ ಒಂದೇ ಪದ ಬಳಸಿದರೆ ಮುಂದೆ ಕಲಸುಮೇಲೋಗರ ಆಗುತ್ತದೆ.

ಕೆವಿ ಅಂದರೆ

ಕಿಲೋವೋಲ್ಟ್ ಅಲ್ಲ. ಒಂದು ವೋಲ್ಟ್ ಕೊಟ್ಟರೆ, ಪ್ರಾಪ್ (ಪ್ರೊಪೆಲ್ಲರ್, ಅಂದರೆ ತಿರುಗುವ ರೆಕ್ಕೆ) ಇಲ್ಲದ ಮೋಟಾರ್ ಎಷ್ಟು ಆರ್‌ಪಿಎಂ ತಿರುಗುತ್ತದೆ ಅನ್ನುವ ಸಂಖ್ಯೆ. 1000 ಕೆವಿ ಮೋಟಾರಿಗೆ 3ಎಸ್ ಲಿಪೊ (ಮೂರು ಸೆಲ್ಲಿನ ಲಿಥಿಯಂ ಬ್ಯಾಟರಿ), ಅಂದರೆ 11.1 ವೋಲ್ಟ್ ಕೊಟ್ಟರೆ ಸುಮಾರು 11,100 ಆರ್‌ಪಿಎಂ. ಅದೇ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ 12.6 ವೋಲ್ಟ್, ಆಗ 12,600. ಒಂದು ಸೆಲ್ಲಿಗೆ 3.7 ವೋಲ್ಟ್, ತುಂಬಿದಾಗ 4.2. ಇಷ್ಟು ಸಾಕು.

ಪ್ರಾಪ್ ಹಾಕಿದರೆ ವೇಗ ಯಾಕೆ ಇಳಿಯುತ್ತದೆ

ತಿರುಗುವ ಮೋಟಾರ್ ಜನರೇಟರ್ ಕೂಡ ಹೌದು. 1000 ಕೆವಿ ಮೋಟಾರ್ 1000 ಆರ್‌ಪಿಎಂ ತಿರುಗುವಾಗ ತಾನೇ 1 ವೋಲ್ಟ್ ಹುಟ್ಟಿಸುತ್ತದೆ. ಈ ವೋಲ್ಟ್ ಬ್ಯಾಟರಿಗೆ ಎದುರಾಗಿ ನಿಲ್ಲುತ್ತದೆ. ಬ್ಯಾಟರಿ 11.1 ಇದ್ದರೆ, ಎದುರಿನದು 11.1ರ ಹತ್ತಿರ ಬರುವವರೆಗೂ ಮೋಟಾರ್ ವೇಗ ಏರಿಸಿಕೊಳ್ಳುತ್ತದೆ. ಆಮೇಲೆ ಕರೆಂಟ್ ಹರಿಯಲು ಜಾಗವೇ ಇರುವುದಿಲ್ಲ, ವೇಗ ಅಲ್ಲಿಗೆ ನಿಲ್ಲುತ್ತದೆ.

ಪ್ರಾಪ್ ಹಾಕಿದರೆ ಗಾಳಿಯನ್ನು ತಳ್ಳಲು ಟಾರ್ಕ್, ಅಂದರೆ ತಿರುಗಿಸುವ ಬಲ, ಬೇಕು. ಟಾರ್ಕಿಗೆ ಕರೆಂಟ್ ಬೇಕು. ಕರೆಂಟ್ ಹರಿಯಬೇಕಾದರೆ ಎರಡು ವೋಲ್ಟುಗಳ ನಡುವೆ ಅಂತರ ಇರಬೇಕು. ಅಂತರ ಬರಬೇಕಾದರೆ ಮೋಟಾರ್ ಸ್ವಲ್ಪ ನಿಧಾನ ಆಗಲೇಬೇಕು. ಮೋಟಾರಿನ ರೆಸಿಸ್ಟೆನ್ಸ್ 0.09 ಓಮ್, ಕರೆಂಟ್ 15 ಆಂಪ್ ಅಂದುಕೊಳ್ಳಿ. ಅಂತರ 1.35 ವೋಲ್ಟ್. ಉಳಿದ 9.75 ವೋಲ್ಟಿಗೆ 9,750 ಆರ್‌ಪಿಎಂ. ಇದರ ಮೇಲೆ ಬ್ಯಾಟರಿ ವೋಲ್ಟೇಜೂ ಲೋಡಿಗೆ ಕುಸಿಯುತ್ತದೆ. ಹಾಗಾಗಿ ಡಬ್ಬಿಯ ಮೇಲಿನ ಕೆವಿಯನ್ನು ವೋಲ್ಟಿಗೆ ಗುಣಿಸಿದರೆ ಬರುವುದು ಮೇಲಿನ ಮಿತಿ, ಹಾರುವಾಗಿನ ವೇಗ ಅಲ್ಲ.

ಪ್ರಾಪ್ ಹುಲ್ಲಿಗೆ ಸಿಕ್ಕಿ ನಿಂತುಬಿಟ್ಟರೆ ಎದುರಿನ ವೋಲ್ಟ್ ಸೊನ್ನೆ. ಇಎಸ್‌ಸಿ ತಡೆಯದಿದ್ದರೆ ಕರೆಂಟಿಗೆ ಆ 0.09 ಓಮ್ ಮಾತ್ರ ಅಡ್ಡ. ಮೋಟಾರಿನಿಂದ ಹೊಗೆ ಬರುವುದು ಆಗಲೇ. ಬಿದ್ದ ತಕ್ಷಣ ಡಿಸ್‌ಆರ್ಮ್ ಮಾಡಿ (ರಿಮೋಟಿನಿಂದ ಮೋಟಾರ್ ಬಂದ್ ಮಾಡಿ) ಅಂತ ಎಲ್ಲರೂ ಬಡಿದುಕೊಳ್ಳುವುದು ಇದಕ್ಕೇ.

"ಕೆವಿ ಕಡಿಮೆ ಇದ್ದರೆ ಟಾರ್ಕ್ ಜಾಸ್ತಿ": ತೊಡಕು ಇಲ್ಲೇ

ಈ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಅರ್ಧ ನಿಜ. ಉಳಿದರ್ಧ ತಲೆಗೆ ಹತ್ತಬೇಕಾದರೆ ತಂತಿ ಸುತ್ತುವವರನ್ನೇ ಕೇಳಬೇಕಾಯಿತು. ನಮ್ಮ ಮಾಮಾ ವಿಜಯಪುರದ ಕಡೆಯವರು, ಭೋಸರಿಯಲ್ಲಿ ಪಂಪ್ ಮೋಟಾರುಗಳ ರಿವೈಂಡಿಂಗ್ ಮಾಡುತ್ತಾರೆ. ಡ್ರೋನ್ ಮೋಟಾರನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿ, "ಇದೇನ ಆಟಿಕಿ ಸಾಮಾನ?" ಅಂದರು.

"ಸುತ್ತು ಹೆಚ್ಚ ಹಾಕಿದ್ರ ಮೋಟಾರಿಗೆ ಜೋರ ಬರ್ತದಲ್ಲ, ಮಾಮಾ?"

"ಸ್ಲಾಟ್ ದೊಡ್ಡದ ಮಾಡ್ತೀಯೇನು? ಇಲ್ಲಲ್ಲ? ಮತ್ತ ಸುತ್ತು ಹೆಚ್ಚಾದ್ರ ತಂತಿ ಸಣ್ಣದ ಹಾಕಬೇಕಾಗ್ತದ. ತಾಮ್ರ ಇದ್ದಷ್ಟ ಇರ್ತದ, ತಮ್ಮಾ."

ತಾಮ್ರ ಇದ್ದಷ್ಟೇ ಇರುತ್ತದೆ. ಇಡೀ ಟಿಪ್ಪಣಿ ಇದೊಂದು ಮಾತಿನ ಮೇಲೆ ನಿಂತಿದೆ. ಈಗ ನಿಧಾನಕ್ಕೆ ಬಿಡಿಸೋಣ.

ಮೊದಲು ಎ2212 ಮೋಟಾರಿನ ಸ್ಟಿಕ್ಕರ್ ನೋಡಿ. ಕೆವಿ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ "13ಟಿ" ಅಂತಲೋ "10ಟಿ" ಅಂತಲೋ ಇರುತ್ತದೆ. ಅದು ಸ್ಟೇಟರಿನ (ತಿರುಗದೆ ನಿಂತಿರುವ, ತಂತಿ ಸುತ್ತಿದ ಒಳಭಾಗದ) ಪ್ರತಿ ಹಲ್ಲಿಗೆ ಎಷ್ಟು ಸುತ್ತು ಅನ್ನುವ ಲೆಕ್ಕ. 15ಟಿ ಇದ್ದರೆ 930 ಕೆವಿ. 13ಟಿ ಇದ್ದರೆ 1000. 10ಟಿ ಇದ್ದರೆ 1400. 6ಟಿ ಇದ್ದರೆ 2200. ಎರಡನ್ನೂ ಗುಣಿಸಿ ನೋಡಿ: 13,950, 13,000, 14,000, 13,200. ಕಂಪನಿಯವರು ಸಂಖ್ಯೆಗಳನ್ನು ಅಂದಾಜಿಗೆ ತಂದು ಅಚ್ಚು ಹಾಕುತ್ತಾರೆ, ಅದನ್ನು ಬಿಟ್ಟರೆ ಗುಣಲಬ್ಧ ಹೆಚ್ಚುಕಮ್ಮಿ ಒಂದೇ. ಅಂದರೆ ಸ್ಟೇಟರ್ ಅದೇ, ಮ್ಯಾಗ್ನೆಟ್ ಅದೇ. ಸುತ್ತು ಜಾಸ್ತಿಯಾದಷ್ಟೂ ಕೆವಿ ಕಡಿಮೆ. 1000 ಮತ್ತು 1400ರ ನಡುವಿನ ವ್ಯತ್ಯಾಸ ಅಂದರೆ ಹಲ್ಲಿಗೆ ಮೂರು ಸುತ್ತು, ಅಷ್ಟೇ.

ಈಗ ಲೆಕ್ಕಕ್ಕೆ ಒಂದು ಜೋಡಿ ತೆಗೆದುಕೊಳ್ಳೋಣ. ಐದು ಇಂಚಿನ ಡ್ರೋನಿಗೆ ಹಾಕುವ 2207 ಮೋಟಾರ್, ಅಂದರೆ ಸ್ಟೇಟರ್ 22 ಮಿ.ಮೀ. ಅಗಲ, 7 ಮಿ.ಮೀ. ಎತ್ತರ. (ಕೆಲವು ಕಂಪನಿಗಳು ಸ್ಟೇಟರ್ ಬದಲು ಹೊರಗಿನ ಡಬ್ಬದ ಅಳತೆ ಬರೆಯುತ್ತವೆ, ಹೋಲಿಸುವಾಗ ಹುಷಾರು.) ಒಂದು 2550 ಕೆವಿ, ಇನ್ನೊಂದು 1700 ಕೆವಿ. ಕೆವಿಯ ಅನುಪಾತ ಒಂದೂವರೆ. ಹಾಗಾಗಿ ಎರಡನೆಯದರಲ್ಲಿ ಸುತ್ತು ಒಂದೂವರೆ ಪಟ್ಟು.

ಒಂದು ಆಂಪಿಗೆ ಎಷ್ಟು ಟಾರ್ಕ್? 9.55 ಅನ್ನು ಕೆವಿಯಿಂದ ಭಾಗಿಸಿದರೆ ನ್ಯೂಟನ್ ಮೀಟರಿನಲ್ಲಿ ಉತ್ತರ. 2550ಕ್ಕೆ ಸುಮಾರು 0.0037, 1700ಕ್ಕೆ ಸುಮಾರು 0.0056. ಹೌದು, ಕಡಿಮೆ ಕೆವಿಯದು ಒಂದು ಆಂಪಿಗೆ ಒಂದೂವರೆ ಪಟ್ಟು ಟಾರ್ಕ್ ಕೊಡುತ್ತದೆ. ಜನ ಹೇಳುವ ಅರ್ಧ ನಿಜ ಇದು.

ಇನ್ನರ್ಧ ತಂತಿಯಲ್ಲಿದೆ. ಸುತ್ತು ಒಂದೂವರೆ ಪಟ್ಟಾದರೆ ತಂತಿಯ ಉದ್ದ ಒಂದೂವರೆ ಪಟ್ಟು. ಸ್ಲಾಟಿನಲ್ಲಿ ಜಾಗ ಅಷ್ಟೇ ಇರುವುದರಿಂದ ತಂತಿಯ ದಪ್ಪ, ಅಂದರೆ ಅಡ್ಡ ಕೊಯ್ದಾಗಿನ ವಿಸ್ತೀರ್ಣ, ಒಂದೂವರೆ ಪಟ್ಟು ಕಡಿಮೆ. ಉದ್ದ ಆದದ್ದಕ್ಕೆ ರೆಸಿಸ್ಟೆನ್ಸ್ 1.5 ಪಟ್ಟು, ಸಣ್ಣ ಆದದ್ದಕ್ಕೆ ಮತ್ತೆ 1.5 ಪಟ್ಟು. ಒಟ್ಟು 2.25 ಪಟ್ಟು. ಇಲ್ಲಿ ಎರಡು ಸಲ ಗುಣಿಸಬೇಕು. ಒಂದೇ ಸಲ ಗುಣಿಸಿ ನಿಲ್ಲಿಸಿದರೆ ಮುಂದಿನದು ಯಾವುದೂ ಕೂಡಿಬರುವುದಿಲ್ಲ.

ಸಂಖ್ಯೆ ಹಾಕೋಣ. 2550 ಕೆವಿ ಮೋಟಾರಿನ ರೆಸಿಸ್ಟೆನ್ಸ್ 0.040 ಓಮ್ ಅಂತ ಇಟ್ಟುಕೊಂಡರೆ 1700ರದು 0.090 ಓಮ್. ಎರಡೂ ಒಂದೇ ಪ್ರಾಪನ್ನು ಒಂದೇ ವೇಗದಲ್ಲಿ ತಿರುಗಿಸಬೇಕು, ಅಂದರೆ ಒಂದೇ ಟಾರ್ಕ್ ಬೇಕು. ಮೊದಲನೆಯದಕ್ಕೆ ಅದಕ್ಕಾಗಿ 20 ಆಂಪ್ ಬೇಕಾದರೆ ಎರಡನೆಯದಕ್ಕೆ 13.33 ಆಂಪ್ ಸಾಕು. ಈಗ ತಂತಿಯಲ್ಲಿ ಎಷ್ಟು ಬಿಸಿ? ಕರೆಂಟಿನ ವರ್ಗ ಗುಣಿಸು ರೆಸಿಸ್ಟೆನ್ಸ್. 20 × 20 × 0.040 = 16 ವಾಟ್. 13.33 × 13.33 × 0.090 = 16 ವಾಟ್.

ಒಂದೇ! ಒಂದೇ ಟಾರ್ಕಿಗೆ ಎರಡೂ ಮೋಟಾರ್ ಅಷ್ಟೇ ಬಿಸಿಯಾಗುತ್ತವೆ. ಅಂದಮೇಲೆ ಕಡಿಮೆ ಕೆವಿಯ ಮೋಟಾರ್ "ಬಲಶಾಲಿ" ಅನ್ನುವ ಮಾತಿಗೆ ಅರ್ಥ ಇಲ್ಲ. ಬಲ ಇರುವುದು ಸ್ಟೇಟರಿನ ಗಾತ್ರದಲ್ಲಿ, ತಾಮ್ರದಲ್ಲಿ, ಮ್ಯಾಗ್ನೆಟ್ಟಿನಲ್ಲಿ. ಜಾಸ್ತಿ ಟಾರ್ಕ್ ಬೇಕಾದರೆ 2207 ಬಿಟ್ಟು 2806ಕ್ಕೆ ಹೋಗಬೇಕು, ಕೆವಿ ಇಳಿಸಿದರೆ ಬರುವುದಿಲ್ಲ.

ಹಾಗಾದರೆ ಕೆವಿ ಯಾತಕ್ಕೆ?

ಯಾವ ಬ್ಯಾಟರಿಗೆ ಯಾವ ವೇಗ ಅನ್ನುವುದನ್ನು ಹೊಂದಿಸಲು. 2550 × 14.8 ವೋಲ್ಟ್ (4ಎಸ್) = 37,740. 1700 × 22.2 ವೋಲ್ಟ್ (6ಎಸ್) = 37,740. ಪ್ರಾಪಿಗೆ ಯಾವ ವ್ಯತ್ಯಾಸವೂ ಗೊತ್ತಾಗುವುದಿಲ್ಲ.

ಮತ್ತೆ ಜನ 6ಎಸ್‌ಗೆ ಯಾಕೆ ಹೋಗುತ್ತಾರೆ? ಮೋಟಾರಿನ ಹೊರಗಿನ ತಂತಿಗಳಿಗಾಗಿ. ಬ್ಯಾಟರಿ ವೈರು, ಕನೆಕ್ಟರ್, ಇಎಸ್‌ಸಿ ಇವುಗಳ ರೆಸಿಸ್ಟೆನ್ಸ್ ನಾವು ಸುತ್ತು ಬದಲಾಯಿಸಿದರೂ ಅಷ್ಟೇ ಇರುತ್ತದೆ. 4ಎಸ್‌ನಲ್ಲಿ ಕರೆಂಟ್ 6ಎಸ್‌ಗಿಂತ ಒಂದೂವರೆ ಪಟ್ಟು, ಹಾಗಾಗಿ ಆ ತಂತಿಗಳಲ್ಲಿ ನಷ್ಟ 2.25 ಪಟ್ಟು. ಬ್ಯಾಟರಿಯಲ್ಲಿ ತುಂಬುವ ಶಕ್ತಿಯಲ್ಲಿ ಮಾತ್ರ ಲಾಭ ಹುಡುಕಬೇಡಿ: 4ಎಸ್ 1500 ಎಂಎಎಚ್ ಅಂದರೂ 22.2 ವಾಟ್ ಅವರ್, 6ಎಸ್ 1000 ಎಂಎಎಚ್ ಅಂದರೂ 22.2 ವಾಟ್ ಅವರ್.

1400 ಯಾಕೆ ಸುಡುತ್ತದೆ

ಈಗ ಅಂಗಡಿಯವರ ಪ್ರಶ್ನೆಗೆ ಬರೋಣ. 3ಎಸ್ ಬ್ಯಾಟರಿ, 1045 ಪ್ರಾಪ್, ಅಂದರೆ 10 ಇಂಚು ವ್ಯಾಸ, 4.5 ಇಂಚು ಪಿಚ್ (ಒಂದು ಸಲ ತಿರುಗಿದರೆ ಲೆಕ್ಕದ ಪ್ರಕಾರ ಮುಂದೆ ಸಾಗುವ ದೂರ). ಇದಕ್ಕೆ 1000 ಕೆವಿ ಸರಿಹೋಗುತ್ತದೆ. ಅದೇ ಬ್ಯಾಟರಿ, ಅದೇ ಪ್ರಾಪಿಗೆ 1400 ಕೆವಿ ಹಾಕಿದರೆ ಅದು 1.4 ಪಟ್ಟು ವೇಗಕ್ಕೆ ಎಳೆದಾಡುತ್ತದೆ. ಎತ್ತುವ ಬಲ ವೇಗದ ವರ್ಗದಂತೆ ಏರುತ್ತದೆ, ಅಂದರೆ ಸುಮಾರು ಎರಡು ಪಟ್ಟು. ಕೇಳಲು ಚೆನ್ನಾಗಿದೆ. ಆದರೆ ಬೇಕಾಗುವ ಪವರ್ ವೇಗದ ಘನದಂತೆ ಏರುತ್ತದೆ: 1.4 × 1.4 × 1.4 = 2.74 ಪಟ್ಟು. ಪೂರ್ತಿ ಅಷ್ಟು ವೇಗ ಮುಟ್ಟುವುದಿಲ್ಲ ನಿಜ, ಆದರೆ ಮುಟ್ಟುವ ಪ್ರಯತ್ನದಲ್ಲೇ ಮೋಟಾರ್ ಮತ್ತು 30 ಆಂಪ್ ಇಎಸ್‌ಸಿ ಎರಡೂ ಬೇಯುತ್ತವೆ. 1400ಕ್ಕೆ 8 ಇಂಚಿನ ಪ್ರಾಪ್ ಹಾಕಬೇಕು. 2200ಕ್ಕೆ 6 ಇಂಚು.

ದೊಡ್ಡ ಪ್ರಾಪಿಗೆ ಕಡಿಮೆ ವೇಗವೇ ಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ ರೆಕ್ಕೆಯ ತುದಿ. 30,000 ಆರ್‌ಪಿಎಂನಲ್ಲಿ 5 ಇಂಚಿನ ಪ್ರಾಪಿನ ತುದಿ ಸೆಕೆಂಡಿಗೆ ಸುಮಾರು 200 ಮೀಟರ್ ಓಡುತ್ತದೆ. 10 ಇಂಚಿನದು ಅದೇ ವೇಗದಲ್ಲಿ ತಿರುಗಿದರೆ 400 ಮೀಟರ್, ಅಂದರೆ ಶಬ್ದದ ವೇಗಕ್ಕಿಂತ ಹೆಚ್ಚು. ಪ್ಲಾಸ್ಟಿಕ್ ಪ್ರಾಪಿನ ಕಥೆ ಅಲ್ಲಿಗೆ ಮುಗಿಯಿತು. ಅದಕ್ಕೇ 1ಎಸ್‌ನ ಅಂಗೈ ಡ್ರೋನಿಗೆ 20,000 ಕೆವಿ ಆಸುಪಾಸು, 6ಎಸ್‌ನ 7 ಇಂಚಿನದಕ್ಕೆ 1300, ಹೊಲಕ್ಕೆ ಔಷಧಿ ಹೊಡೆಯುವ 12ಎಸ್ ಡ್ರೋನುಗಳಿಗೆ 100 ಕೆವಿ ಆಸುಪಾಸು.

ಪುಣೆಯವರಿಗೆ ಮಾತ್ರ ಒಂದು ಸೇರ್ಪಡೆ. ನಾವು ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಮೇಲಿದ್ದೇವೆ, ಗಾಳಿ ಸುಮಾರು 5 ಶೇಕಡಾ ತೆಳು. ಅದೇ ಆರ್‌ಪಿಎಂನಲ್ಲಿ ಗೋವಾದ ಬೀಚಿನಲ್ಲಿ ಸಿಗುವಷ್ಟು ಲಿಫ್ಟ್ ಇಲ್ಲಿ ಸಿಗುವುದಿಲ್ಲ. ಲಿಫ್ಟ್ ತೂಕದ ಎರಡು ಪಟ್ಟಾದರೂ ಇರಲಿ ಅನ್ನುತ್ತಾರಲ್ಲ, ಆ ಲೆಕ್ಕ ಹಾಕುವಾಗ ಸ್ವಲ್ಪ ಕೈಬಿಚ್ಚಿ ಹಾಕಿ. ತೂಕದ ಮಾತು ಬಂತಲ್ಲ: 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂವರೆಗೆ ನ್ಯಾನೊ, ಅದರ ಮೇಲೆ 2 ಕೆ.ಜಿ.ವರೆಗೆ ಮೈಕ್ರೊ. 1045 ಪ್ರಾಪಿನ ಡ್ರೋನ್ ನ್ಯಾನೊ ಆಗುವ ಮಾತೇ ಇಲ್ಲ. ಲೋಹಗಾಂವ್ ವಾಯುನೆಲೆ, ಖಡಕವಾಸ್ಲಾದ ಸೇನಾ ಅಕಾಡೆಮಿ ಎರಡೂ ಇರುವ ಊರು ಇದು, ಹಾರಿಸುವ ಮೊದಲು ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿ.

ಸ್ಟಿಕ್ಕರ್ ಇಲ್ಲದ ಮೋಟಾರಿನ ಕೆವಿ ಅಳೆಯುವುದು

ಇದು ನನಗೆ ಬಹಳ ಇಷ್ಟವಾದ ಭಾಗ. ಗಲ್ಲಿಯಲ್ಲಿ ಸ್ಟಿಕ್ಕರ್ ಕಿತ್ತುಹೋದ ಹಳೆ ಮೋಟಾರ್ ಅಗ್ಗಕ್ಕೆ ಸಿಗುತ್ತವೆ. ಕೈ ಡ್ರಿಲ್ ಮತ್ತು ಹರ್ಟ್ಸ್ ತೋರಿಸುವ ಮಲ್ಟಿಮೀಟರ್ ಇದ್ದರೆ ಸಾಕು.

ಮೋಟಾರಿನ ತಳವನ್ನು ವೈಸಿನಲ್ಲಿ ಹಿಡಿಸಿ, ಶಾಫ್ಟನ್ನು ಡ್ರಿಲ್ಲಿನ ಬಾಯಿಗೆ ಕೊಡಿ. ಮೂರು ತಂತಿಗಳಲ್ಲಿ ಯಾವ ಎರಡನ್ನಾದರೂ ಮೀಟರಿಗೆ ಹಾಕಿ. ಮೂರನೆಯದನ್ನು ಯಾವುದಕ್ಕೂ ತಾಗದ ಹಾಗೆ ಬಿಡಿ. ಡ್ರಿಲ್ ಒಂದೇ ವೇಗದಲ್ಲಿ ಓಡಲಿ. ಮೊದಲು ಹರ್ಟ್ಸ್ ಓದಿ. 140 ಬಂತು ಅನ್ನೋಣ. ಈಗ ಬೆಲ್ (ಹೊರಗೆ ತಿರುಗುವ ಡಬ್ಬ) ಒಳಗೆ ಇಣುಕಿ ಮ್ಯಾಗ್ನೆಟ್ ಎಣಿಸಿ. ಸಾಮಾನ್ಯವಾಗಿ 14 ಇರುತ್ತವೆ, ಅಂದರೆ 7 ಜೋಡಿ. (ಹಲ್ಲು 12 ಇರುತ್ತವೆ, ಅದನ್ನು ಎಣಿಸಬೇಡಿ.) 140 ಭಾಗಿಸು 7 = 20, ಅಂದರೆ ಸೆಕೆಂಡಿಗೆ 20, ನಿಮಿಷಕ್ಕೆ 1200 ಆರ್‌ಪಿಎಂ. ಟ್ಯಾಕೋಮೀಟರ್ ಬೇಕಾಗಿಯೇ ಇಲ್ಲ!

ಆಮೇಲೆ ಅದೇ ವೇಗದಲ್ಲಿ ಎಸಿ ವೋಲ್ಟ್ ಓದಿ. 0.85 ಬಂದರೆ 1.414ರಿಂದ ಗುಣಿಸಿ, 1.2 ವೋಲ್ಟ್. 1200 ಭಾಗಿಸು 1.2 = 1000 ಕೆವಿ. ಮೀಟರ್ ತೋರಿಸುವುದು ಸರಾಸರಿ ತರಹದ ಬೆಲೆ, ನಮಗೆ ಬೇಕಾದದ್ದು ಅಲೆಯ ತುದಿ, ಅದಕ್ಕೆ ಆ 1.414. ಕೆಲವು ಶೇಕಡಾ ಹೆಚ್ಚುಕಮ್ಮಿ ಬರಬಹುದು. 1000 ಮತ್ತು 1400 ಬೇರೆ ಮಾಡಲು ಅಷ್ಟು ಧಾರಾಳ ಸಾಕು.

ಎಣಿಸಿದ ಆ 14 ಇನ್ನೊಂದು ಕಡೆಯೂ ಬೇಕಾಗುತ್ತದೆ. ಬೀಟಾಫ್ಲೈಟ್‌ನಲ್ಲಿ (ಡ್ರೋನಿನ ಹಾರಾಟ ನಿಯಂತ್ರಿಸುವ ಸಾಫ್ಟ್‌ವೇರ್) ಮೋಟಾರ್ ಪೋಲ್ಸ್ ಅಂತ ಕೇಳುವಲ್ಲಿ ಹಾಕುವುದು ಅದನ್ನೇ. ಇಎಸ್‌ಸಿ ಕಳಿಸುವ ವೇಗ ನಿಜವಾದ ಆರ್‌ಪಿಎಂನ 7 ಪಟ್ಟು ಇರುತ್ತದೆ, ಅಲ್ಲಿ 12 ಹಾಕಿದರೆ ಆರ್‌ಪಿಎಂ ಫಿಲ್ಟರ್ ತಪ್ಪು ಜಾಗದಲ್ಲಿ ನಡುಕ ಹುಡುಕುತ್ತಾ ಕೂರುತ್ತದೆ. ಇನ್ನು 4ಎಸ್ ಮೋಟಾರ್ ಕೈಯಲ್ಲಿದ್ದು ಬ್ಯಾಟರಿ ಮಾತ್ರ 6ಎಸ್ ಇದ್ದರೆ, ಬೀಟಾಫ್ಲೈಟ್‌ನಲ್ಲೇ ಮೋಟಾರ್ ಔಟ್‌ಪುಟ್ ಲಿಮಿಟ್ 66 ಶೇಕಡಾಕ್ಕೆ ಇಳಿಸಿ. 14.8 ಭಾಗಿಸು 22.2, ಸುಮಾರು ಅಷ್ಟೇ ಬರುತ್ತದೆ. ಇಎಸ್‌ಸಿ 6ಎಸ್ ತಡೆಯುತ್ತದಾ ಅಂತ ಮೊದಲು ನೋಡಿಕೊಳ್ಳಿ. ಟೆಸ್ಟ್ ಮಾಡುವಾಗ ಪ್ರಾಪ್ ಬಿಚ್ಚಿಟ್ಟೇ ಮಾಡಿ.