ಒಮ್ಮೆ ಕೊಂಡ ಗೇಮನ್ನೇ ಮತ್ತೆ ಕೊಳ್ಳುವುದೇಕೆ?

ರಿಯಾಯಿತಿ ಮಾರಾಟದಲ್ಲಿ ಕೊಂಡು, ಎರಡು ಸಂಜೆ ಆಡಿ, ಆಮೇಲೆ ಮರೆತೇಬಿಟ್ಟ ಗೇಮ್‌ಗಳು ಪಿಸಿಯಲ್ಲಿ ಆಡುವ ಬಹುತೇಕ ಎಲ್ಲರ ಖಾತೆಯಲ್ಲೂ ಇರುತ್ತವೆ. ನನ್ನ ಖಾತೆಯಲ್ಲಿ ‘ಹಾಲೋ ನೈಟ್’ ಹಾಗೆ ಬಿದ್ದಿತ್ತು. 2018ರ ಜೂನ್‌ನಲ್ಲಿ ಅದು ನಿಂಟೆಂಡೊ ಸ್ವಿಚ್‌ಗೆ ಬಂದ ಮೇಲೆ ಅದನ್ನೇ ಇನ್ನೊಮ್ಮೆ ಕೊಂಡೆ, ಈ ಸಲ ಕೊನೆ ಮುಟ್ಟುವವರೆಗೂ ಆಡಿದೆ. ಗೇಮ್ ಅದೇ. ಚಿತ್ರ ಪಿಸಿಯಲ್ಲೇ ಹೆಚ್ಚು ಚೆನ್ನಾಗಿತ್ತು. ಆದರೂ ಮನಸ್ಸು ಹತ್ತಿದ್ದು ಕೈಯಲ್ಲಿ ಹಿಡಿಯುವ ಆ ಸಣ್ಣ ಯಂತ್ರದಲ್ಲಿ.

ಹೀಗೆ ಎರಡೆರಡು ಸಲ ದುಡ್ಡು ತೆತ್ತವರು ಬಹಳ ಮಂದಿ ಇದ್ದಾರೆ. ಕನ್ಸೋಲ್ (ಗೇಮ್ ಆಡಲೆಂದೇ ಮಾಡಿದ ಯಂತ್ರ) ಮೇಲೋ ಪಿಸಿ ಮೇಲೋ ಎಂಬ ಹಳೆಯ ಜಗಳ ಎದ್ದಾಗಲೆಲ್ಲ ಮಾತು ಗ್ರಾಫಿಕ್ಸ್, ಫ್ರೇಮ್ ರೇಟ್, ಬೆಲೆ ಇವುಗಳ ಸುತ್ತಲೇ ಸುತ್ತುತ್ತದೆ. ಈ ಮರುಖರೀದಿಗೆ ಅಲ್ಲಿ ಕಾರಣ ಸಿಗುವುದಿಲ್ಲ. ಅದು ಸಿಗಬೇಕಾದರೆ ನಲವತ್ತು ವರ್ಷಕ್ಕೂ ಹಿಂದಕ್ಕೆ ಹೋಗಬೇಕು.

1980ರಲ್ಲಿ ನಿಂಟೆಂಡೊ ‘ಗೇಮ್ ಅಂಡ್ ವಾಚ್’ ಎಂಬ ಪುಟ್ಟ ಯಂತ್ರಗಳನ್ನು ಮಾರುಕಟ್ಟೆಗೆ ತಂದಿತು. ಕೈಯಲ್ಲಿ ಹಿಡಿದು ಆಡುವ ಯಂತ್ರಗಳಲ್ಲಿ ಅದು ಮೊದಲನೆಯದೇನೂ ಆಗಿರಲಿಲ್ಲ. ಗೇಮ್ ತುಂಬಿದ ಕಾರ್ಟ್ರಿಜ್ ಬದಲಿಸಿ ಆಡಬಹುದಾದ ‘ಮೈಕ್ರೋವಿಷನ್’ ಹಿಂದಿನ ವರ್ಷವೇ ಬಂದಿತ್ತು. ಆದರೆ ಗೇಮ್ ಅಂಡ್ ವಾಚ್ ರೂಪಿಸಿದ ಗುನ್ಪೇ ಯೊಕೊಯಿ ಅವರ ಯೋಚನೆ ಬೇರೆ ಇತ್ತು. ಬುಲೆಟ್ ರೈಲಿನಲ್ಲಿ ಹೊತ್ತು ಹೋಗದೆ ಕ್ಯಾಲ್ಕ್ಯುಲೇಟರಿನ ಗುಂಡಿ ಒತ್ತುತ್ತ ಕುಳಿತಿದ್ದ ಉದ್ಯೋಗಿಯೊಬ್ಬರನ್ನು ಕಂಡು ಅವರಿಗೆ ಇದು ಹೊಳೆಯಿತೆಂಬ ಕಥೆ ಪ್ರಸಿದ್ಧ. ಕ್ಯಾಲ್ಕ್ಯುಲೇಟರ್ ಕಂಪನಿಗಳ ಪೈಪೋಟಿಯಿಂದ ಎಲ್‌ಸಿಡಿ ಪರದೆಗಳು ಅಗ್ಗವಾಗಿದ್ದ ಕಾಲ ಅದು. ಯಂತ್ರದಲ್ಲಿ ಗಡಿಯಾರವೂ ಇತ್ತು. ನನ್ನ ಮಟ್ಟಿಗೆ ಮುಖ್ಯವಾದ ಸಂಗತಿ ಆ ಗಡಿಯಾರವೇ: ಎರಡು ಕೆಲಸಗಳ ನಡುವಿನ ಖಾಲಿ ಹೊತ್ತಿಗೆಂದೇ ಹುಟ್ಟಿದ ಆಟಿಕೆ ಅದು. 1982ರ ಡಾಂಕಿ ಕಾಂಗ್ ಮಾದರಿಯಲ್ಲಿ ಅಧಿಕ ಚಿಹ್ನೆಯ ಆಕಾರದ ದಿಕ್ಕಿನ ಗುಂಡಿ ಬಂತು. ಇಂದಿಗೂ ಬಹುತೇಕ ಪ್ರತಿ ಕಂಟ್ರೋಲರ್‌ನ ಎಡಭಾಗದಲ್ಲಿರುವುದು ಅದರದೇ ಸಂತತಿ.

ಯೊಕೊಯಿ ತಮ್ಮ ಸೂತ್ರವನ್ನು ‘ಬಾಡಿದ ತಂತ್ರಜ್ಞಾನದ ಬಗ್ಗೆ ಅಡ್ಡದಾರಿಯ ಯೋಚನೆ’ ಎಂಬರ್ಥದ ಮಾತುಗಳಲ್ಲಿ ಹೇಳುತ್ತಿದ್ದರು. ಹಳತಾಗಿ, ಪಳಗಿ, ಅಗ್ಗವಾದ ಬಿಡಿಭಾಗಗಳನ್ನು ಯಾರೂ ಊಹಿಸದ ಕಡೆ ಬಳಸು ಎಂಬುದು ಅದರ ಸಾರ. 1989ರ ಏಪ್ರಿಲ್‌ನಲ್ಲಿ ಬಂದ ಗೇಮ್ ಬಾಯ್ ಆ ಸೂತ್ರದ ಮೂರ್ತಿಯೇ. 160 ಗುಣಿಸು 144 ಚುಕ್ಕೆಗಳ ಹಸಿರು ಮಿಶ್ರಿತ ಪರದೆ, ನಾಲ್ಕೇ ಛಾಯೆ, ಹಿಂಬೆಳಕೂ ಇಲ್ಲ. ಅದೇ ವರ್ಷ ಅಟಾರಿಯ ‘ಲಿಂಕ್ಸ್’, ಮರುವರ್ಷ ಸೆಗಾದ ‘ಗೇಮ್ ಗಿಯರ್’ ಬಣ್ಣದ ಪರದೆ, ಹಿಂಬೆಳಕು ಎರಡನ್ನೂ ಹೊತ್ತು ಬಂದವು. ಕಾಗದದ ಮೇಲೆ ಹೋಲಿಸಿದರೆ ಗೇಮ್ ಬಾಯ್ ಸೋಲಲೇಬೇಕಿತ್ತು. ಆದರೆ ಲಿಂಕ್ಸ್ ಮತ್ತು ಗೇಮ್ ಗಿಯರ್ ಆರಾರು ಬ್ಯಾಟರಿ ಸೆಲ್ ನುಂಗಿ ನಾಲ್ಕೈದು ಗಂಟೆಗೆ ಸುಸ್ತಾಗುತ್ತಿದ್ದವು. ಗೇಮ್ ಬಾಯ್ ನಾಲ್ಕು ಸೆಲ್‌ಗಳಲ್ಲಿ ಹತ್ತು ಗಂಟೆಗೂ ಮೀರಿ ನಡೆಯುತ್ತಿತ್ತು. ಅದೂ, ಮುಂದೆ ಬಂದ ಗೇಮ್ ಬಾಯ್ ಕಲರ್ ಕೂಡ ಸೇರಿ ಮಾರಾಟವಾದದ್ದು ಸುಮಾರು 11 ಕೋಟಿ 87 ಲಕ್ಷ.

ಅದರ ಗೆಲುವಿಗೆ ದೊಡ್ಡ ಕಾರಣವಾದ ಆಟ ಹುಟ್ಟಿದ್ದು ಕಂಪ್ಯೂಟರ್‌ನಲ್ಲಿ ಎಂಬುದನ್ನು ಈ ವಾದದಲ್ಲಿ ಜನ ಮರೆಯುತ್ತಾರೆ. ಅಲೆಕ್ಸಿ ಪಜಿಟ್ನೋವ್ 1984ರಲ್ಲಿ ಮಾಸ್ಕೋದಲ್ಲಿ ‘ಟೆಟ್ರಿಸ್’ ಬರೆದದ್ದು ‘ಎಲೆಕ್ಟ್ರೋನಿಕಾ 60’ ಎಂಬ ಯಂತ್ರದ ಮೇಲೆ. ಅದಕ್ಕೆ ಚಿತ್ರ ಬಿಡಿಸಲು ಬರುತ್ತಿರಲಿಲ್ಲವಾದ್ದರಿಂದ ಇಟ್ಟಿಗೆಗಳನ್ನು ಅಕ್ಷರ ಚಿಹ್ನೆಗಳಿಂದಲೇ ಮೂಡಿಸಿದ್ದರು. ಐಬಿಎಂ ಪಿಸಿಗೂ ಅದು ಬಂತು, ಕಚೇರಿಗಳಲ್ಲಿ ಹಬ್ಬಿತು. ಆದರೆ ಗೇಮ್ ಪ್ರಕಾಶಕ ಹೆಂಕ್ ರೋಜರ್ಸ್ ಹಕ್ಕುಗಳನ್ನು ಪಡೆದು, ಅಮೆರಿಕದಲ್ಲಿ ಗೇಮ್ ಬಾಯ್ ಜೊತೆಗೇ ಅದನ್ನು ಕೊಡುವ ಏರ್ಪಾಡಾದ ಮೇಲೆ ಟೆಟ್ರಿಸ್‌ಗೆ ತನ್ನ ಜಾಗ ಸಿಕ್ಕಂತಾಯಿತು. ಐದು ನಿಮಿಷದ ಆಟಕ್ಕೆ ಐದು ನಿಮಿಷದ ಯಂತ್ರ. ನಾನು ‘ಹಾಲೋ ನೈಟ್’ ಎರಡನೇ ಸಲ ಕೊಂಡದ್ದರ ಮೂಲ ಇಲ್ಲಿದೆ: ಪಿಸಿಯ ಆಟ, ಕೈಗೆ ಬಂದ ಮೇಲೆ ಬೇರೆಯೇ ಆಟವಾಗುವುದು.

ಕನ್ಸೋಲ್ ಮತ್ತು ಪಿಸಿ ಬೇರೆಬೇರೆ ದಾರಿ ಹಿಡಿದದ್ದು ಇದಕ್ಕೂ ಸ್ವಲ್ಪ ಮುಂಚೆ. ಯಾರು ಬೇಕಾದರೂ ಗೇಮ್ ಮಾಡಿ ಸುರಿದದ್ದರಿಂದ 1983ರಲ್ಲಿ ಅಮೆರಿಕದ ವಿಡಿಯೋ ಗೇಮ್ ಮಾರುಕಟ್ಟೆ ಕುಸಿದು ಬಿತ್ತು. 1985ರಲ್ಲಿ ಅಲ್ಲಿಗೆ ಕಾಲಿಟ್ಟ ನಿಂಟೆಂಡೊ ಆ ಪಾಠ ಕಲಿತೇ ಬಂದಿತ್ತು. ತನ್ನ ಒಪ್ಪಿಗೆಯಿಲ್ಲದ ಕಾರ್ಟ್ರಿಜ್ ಓಡದಂತೆ ತಡೆಯುವ ಚಿಪ್ ಇಟ್ಟಿತು, ಒಂದು ಕಂಪನಿ ವರ್ಷಕ್ಕೆ ಐದೇ ಗೇಮ್ ತರಬಹುದೆಂಬ ಮಿತಿ ಹಾಕಿತು. ಬಾಗಿಲಿಗೆ ಕಾವಲು ಕೂತಿತು. ಕೊಳ್ಳುವವರಿಗೆ ಅದರಿಂದ ನೆಮ್ಮದಿ ಸಿಕ್ಕಿತು: ಕಾರ್ಟ್ರಿಜ್ ತುರುಕಿದರೆ ಗೇಮ್ ಓಡುತ್ತದೆ, ಅಷ್ಟೇ.

ಪಿಸಿಯಲ್ಲಿ ಕಾವಲುಗಾರರಿರಲಿಲ್ಲ, ನೆಮ್ಮದಿಯೂ ಇರಲಿಲ್ಲ. ಡಾಸ್ ಎಂಬ ಹಳೆಯ ಕಾರ್ಯವ್ಯವಸ್ಥೆಯ ಕಾಲದಲ್ಲಿ ಗೇಮ್ ಶುರುಮಾಡುವ ಮೊದಲು ಸೌಂಡ್ ಕಾರ್ಡ್ ಯಾವುದು, ಅದು ಕಂಪ್ಯೂಟರನ್ನು ಕರೆಯುವ ಗೆರೆಯ (ಐಆರ್‌ಕ್ಯೂ) ಸಂಖ್ಯೆ ಎಷ್ಟು ಎಂದು ಆಡುವವರೇ ಹೇಳಬೇಕಿತ್ತು. ತಪ್ಪಿದರೆ ಸದ್ದೇ ಇಲ್ಲ. ಆದರೆ ಆ ತೆರೆದ ಬಾಗಿಲಿನಿಂದ ಒಳಬಂದ ಸಂಪತ್ತನ್ನು ಕನ್ಸೋಲ್ ಪ್ರೇಮಿಗಳು ಕಡೆಗಣಿಸಬಾರದು. ‘ಕೌಂಟರ್-ಸ್ಟ್ರೈಕ್’ ಶುರುವಾದದ್ದು 1999ರಲ್ಲಿ, ‘ಹಾಫ್-ಲೈಫ್’ ಎಂಬ ಗೇಮಿಗೆ ಆಟಗಾರರೇ ಮಾಡಿದ ಮಾರ್ಪಾಡಾಗಿ. ‘ಡೋಟಾ’ ಹುಟ್ಟಿದ್ದು ‘ವಾರ್‌ಕ್ರಾಫ್ಟ್ 3’ರ ಮ್ಯಾಪ್ ಆಗಿ. ಯಾರ ಅನುಮತಿಗೂ ಕಾಯದೆ ಕೈಯಾಡಿಸುವ ಅವಕಾಶ ಇಲ್ಲದಿದ್ದರೆ ಈ ಆಟಗಳು ಹುಟ್ಟುತ್ತಲೇ ಇರಲಿಲ್ಲ. ಸೈನ್ಯ ನಡೆಸುವ, ಸಾಮ್ರಾಜ್ಯ ಕಟ್ಟುವ ಆಟಗಳಂತೂ ಮೌಸ್‌ಗೆಂದೇ ಹುಟ್ಟಿದವು. ಅವನ್ನು ಸಣ್ಣ ಪರದೆಗೆ ತರಲು ಪದೇಪದೇ ಪ್ರಯತ್ನಗಳಾಗಿವೆ, ನನಗಂತೂ ಇನ್ನೂ ಒಗ್ಗಿಲ್ಲ.

ಮತ್ತೆ ಕೈಯಂತ್ರಗಳ ಕಡೆಗೆ ಬರೋಣ. 2004ರಲ್ಲಿ ನಿಂಟೆಂಡೊ ಡಿಎಸ್ ಬಂತು. ಎರಡು ಪರದೆಗಳ ಬಗ್ಗೆ ಎಲ್ಲರೂ ಮಾತಾಡಿದರು. ನಾನು ನೆನಪಿಟ್ಟುಕೊಂಡದ್ದು ಅದರ ಮುಚ್ಚಳವನ್ನು. ಆಟದ ನಡುವೆಯೇ ಮುಚ್ಚಿದರೆ ಯಂತ್ರ ನಿದ್ದೆಗೆ ಜಾರುತ್ತಿತ್ತು, ತೆರೆದರೆ ಅದೇ ಹೆಜ್ಜೆಯಿಂದ ಮುಂದುವರಿಯುತ್ತಿತ್ತು. ಸೇವ್ ಮಾಡುವ ಜಾಗ ಹುಡುಕಬೇಕಿಲ್ಲ, ಮತ್ತೆ ಲೋಡ್ ಆಗುವವರೆಗೆ ಕಾಯಬೇಕಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಬಂದ ಸೋನಿಯ ಪಿಎಸ್‌ಪಿಯಲ್ಲೂ ಸ್ವಿಚ್ ಸರಿಸಿ ಹೀಗೆ ಮಲಗಿಸಬಹುದಿತ್ತು. ದೊಡ್ಡವರಾಗಿ ಬಿಡುವು ಚೂರುಚೂರಾದವರಿಗೆ ಈ ಒಂದು ಗುಣ ಹತ್ತು ಪಟ್ಟು ಹೆಚ್ಚು ಚಿತ್ರಶಕ್ತಿಗೆ ಸಮ ಎಂದು ನಾನು ಖಂಡಿತವಾಗಿ ನಂಬುತ್ತೇನೆ. ಡಿಎಸ್ 15 ಕೋಟಿ 40 ಲಕ್ಷ ಮಾರಾಟವಾಯಿತು.

2008ರಲ್ಲಿ ಐಫೋನ್‌ಗೆ ಆ್ಯಪ್ ಸ್ಟೋರ್ ಬಂದ ಮೇಲೆ ಖಾಲಿ ಹೊತ್ತನ್ನು ಫೋನ್ ಕಸಿದುಕೊಂಡಿತು. 2011ರಲ್ಲಿ ಬಂದ 3ಡಿಎಸ್‌ನ ಬೆಲೆಯನ್ನು ನಿಂಟೆಂಡೊ ಆರು ತಿಂಗಳೊಳಗೆ ಭಾರೀ ಇಳಿಸಬೇಕಾಯಿತು, ಅಧ್ಯಕ್ಷ ಸತೋರು ಇವಾಟಾ ತಮ್ಮ ಸಂಬಳವನ್ನೇ ಅರ್ಧಕ್ಕೆ ಕಡಿತ ಮಾಡಿಕೊಂಡರು. ಸೋನಿಯ ವೀಟಾ ಅದ್ಭುತ ಪರದೆಯಿದ್ದೂ, ತನ್ನದೇ ದುಬಾರಿ ಮೆಮೊರಿ ಕಾರ್ಡ್‌ಗಳ ಭಾರ ಹೊತ್ತು, 2019ರಲ್ಲಿ ತಯಾರಿಕೆ ನಿಲ್ಲಿಸಿತು. ಕೈಯಂತ್ರಗಳ ಕಾಲ ಮುಗಿಯಿತು ಎಂದು ಅದಕ್ಕೂ ಮುಂಚೆಯೇ ಹಲವರ ಎಣಿಕೆಯಾಗಿತ್ತು.

ಆ ಎಣಿಕೆ ಬುಡಮೇಲಾದದ್ದು 2017ರ ಮಾರ್ಚ್ 3ರಂದು, ಸ್ವಿಚ್ ಬಂದ ದಿನ. ಟಿವಿಯ ಕನ್ಸೋಲನ್ನೂ ಕೈಯ ಕನ್ಸೋಲನ್ನೂ ಒಂದೇ ಆಗಿಸಿದ ಅದು 15 ಕೋಟಿಗೂ ಹೆಚ್ಚು ಮಾರಾಟವಾಗಿದೆ. ಅದರೊಳಗಿನ ಚಿಪ್ ಎನ್‌ವಿಡಿಯಾದ ಟೆಗ್ರಾ ಎಕ್ಸ್1, ಬಿಡುಗಡೆಯ ಹೊತ್ತಿಗೇ ಹಳೆಯದು. ಯೊಕೊಯಿ ಸೂತ್ರ ಮತ್ತೆ ಕೆಲಸ ಮಾಡಿತು. ಅದೇ ವರ್ಷ ‘ಡೂಮ್’, 2019ರಲ್ಲಿ ‘ದಿ ವಿಚರ್ 3’ ಸ್ವಿಚ್‌ಗೆ ಬಂದಾಗ ಚಿತ್ರ ಮಸುಕಾಗಿದೆ ಎಂದವರ ಮಾತು ನಿಜವೇ ಆಗಿತ್ತು. ಆದರೂ ಜನ ಕೊಂಡರು. ಪಿಸಿಯಲ್ಲಿ ಅವೇ ಗೇಮ್‌ಗಳನ್ನು ಇಟ್ಟುಕೊಂಡಿದ್ದವರೂ ಕೊಂಡರು.

ಅತ್ತ ಪಿಸಿಯೂ ಬದಲಾಗುತ್ತಿತ್ತು. ವಾಲ್ವ್ ಕಂಪನಿ 2003ರ ಸೆಪ್ಟೆಂಬರ್‌ನಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಸೇವೆಯನ್ನು ಆರಂಭಿಸಿದಾಗ ಆಟಗಾರರು ಬೈದದ್ದೇ ಹೆಚ್ಚು. ಮರುವರ್ಷ ‘ಹಾಫ್-ಲೈಫ್ 2’ ಆಡಲು ಅದು ಕಡ್ಡಾಯವಾದಾಗ ಸಿಟ್ಟು ಇನ್ನೂ ಏರಿತು. ಕ್ರಮೇಣ ಪಿಸಿ ಗೇಮ್‌ಗಳ ಬಹುಪಾಲು ಮಾರಾಟ ಅದರೊಳಗೇ ಬಂತು, ವರ್ಷಗಟ್ಟಲೆ ಕೂಡಿಟ್ಟ ಗೇಮ್‌ಗಳ ಸಂಗ್ರಹವೇ ಜನರನ್ನು ಪಿಸಿಗೆ ಕಟ್ಟಿಹಾಕಿತು. 2015ರಲ್ಲಿ ವಾಲ್ವ್ ಟಿವಿಗೆ ಜೋಡಿಸುವ ‘ಸ್ಟೀಮ್ ಮಷೀನ್’ಗಳ ಮೂಲಕ ಲಿವಿಂಗ್ ರೂಮಿಗೆ ಕಾಲಿಡಲು ನೋಡಿ ಸೋತಿತು, ಅವು ವಿಂಡೋಸ್ ಬದಲು ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯ ಮೇಲೆ ನಡೆಯುತ್ತಿದ್ದವು, ಅದರಲ್ಲಿ ಓಡುವ ಗೇಮ್‌ಗಳು ಆಗ ಕಡಿಮೆ. ಆ ಸೋಲಿನಿಂದ ಹುಟ್ಟಿದ್ದು 2018ರ ‘ಪ್ರೋಟಾನ್’. ವಿಂಡೋಸ್‌ಗೆಂದು ಬರೆದ ಗೇಮನ್ನು ಲಿನಕ್ಸ್ ಮೇಲೆ ಓಡಿಸುವ ಪದರ ಅದು. ಅದಿಲ್ಲದೆ 2022ರ ಫೆಬ್ರವರಿಯಲ್ಲಿ ಬಂದ ಸ್ಟೀಮ್ ಡೆಕ್ ಎಂಬ, ಕೈಯಲ್ಲಿ ಹಿಡಿದು ಆಡುವ ಪಿಸಿ ಇರುತ್ತಲೇ ಇರಲಿಲ್ಲ.

ಡೆಕ್‌ನ ಲೆಕ್ಕಾಚಾರ ನೋಡಿದರೆ ಸಂತೋಷವಾಗುತ್ತದೆ. ಅದರ ಚಿಪ್ ಹೆಚ್ಚೆಂದರೆ 15 ವ್ಯಾಟ್ ಬಳಸುತ್ತದೆ. ದೊಡ್ಡ ಪಿಸಿಯ ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡೊಂದಕ್ಕೇ 450 ವ್ಯಾಟ್ ನಿಗದಿಯಾಗಿದೆ. ಆದರೂ ಎರಡರಲ್ಲೂ ಅದೇ ಗೇಮ್ ಓಡುತ್ತದೆ, ಏಕೆಂದರೆ ಡೆಕ್‌ನ ಪರದೆ 1280 ಗುಣಿಸು 800 ಚುಕ್ಕೆಗಳದು. 4ಕೆ ಪರದೆಯ ಚುಕ್ಕೆಗಳಲ್ಲಿ ಎಂಟನೇ ಒಂದು ಭಾಗ ಮಾತ್ರ ಬಿಡಿಸಿದರೆ ಸಾಕು. ಪರದೆ ಚಿಕ್ಕದಾದ್ದರಿಂದ ಕಣ್ಣಿಗೆ ಕೊರತೆ ಎದ್ದು ಕಾಣುವುದಿಲ್ಲ. ಇದಕ್ಕಿಂತ ದೊಡ್ಡ ವಿಷಯ ಪವರ್ ಬಟನ್. ಒತ್ತಿದರೆ ಪಿಸಿ ಗೇಮ್ ಇದ್ದಲ್ಲೇ ಮಲಗುತ್ತದೆ, ಮತ್ತೆ ಒತ್ತಿದರೆ ಏಳುತ್ತದೆ. ಡಿಎಸ್‌ನ ಮುಚ್ಚಳ ಕೊನೆಗೂ ಪಿಸಿಗೆ ಬಂತು. 2023ರಲ್ಲಿ ಬಂದ ರಾಗ್ ಅಲೈ, ಲೀಜನ್ ಗೋ ಎಂಬ ವಿಂಡೋಸ್ ಕೈಯಂತ್ರಗಳು ಹೆಚ್ಚು ಬಲಶಾಲಿಗಳಾಗಿದ್ದರೂ ವಿಂಡೋಸ್ ಈ ನಿದ್ದೆಯ ವಿದ್ಯೆಯಲ್ಲಿ ಹಿಂದುಳಿಯಿತು. 2025ರ ಅಕ್ಟೋಬರ್‌ನ ರಾಗ್ ಎಕ್ಸ್‌ಬಾಕ್ಸ್ ಅಲೈನಲ್ಲಿ ಡೆಸ್ಕ್‌ಟಾಪನ್ನೇ ಬದಿಗಿಟ್ಟು ನೇರ ಗೇಮ್ ಪರದೆಗೆ ಹೋಗುವ ವ್ಯವಸ್ಥೆ ಮಾಡಿದ್ದು ಈ ಕೊರತೆಯನ್ನು ಒಪ್ಪಿಕೊಂಡೇ.

ತೆರೆದ ಬಾಗಿಲಿನ ತಾಪತ್ರಯ ಪೂರ್ತಿ ಹೋಗಿಲ್ಲ. ಯಾವ ಗೇಮ್ ಡೆಕ್‌ನಲ್ಲಿ ಸರಿಯಾಗಿ ಓಡುತ್ತದೆ, ಯಾವುದು ಓಡುವುದಿಲ್ಲ ಎಂದು ವಾಲ್ವ್ ಗುರುತು ಹಾಕಿ ತೋರಿಸಬೇಕಾಗಿದೆ. ಮೋಸ ತಡೆಯುವ ತಂತ್ರಾಂಶದ ಕಾರಣಕ್ಕೆ ‘ಫೋರ್ಟ್‌ನೈಟ್’ ಡೆಕ್‌ನ ಸ್ವಂತ ವ್ಯವಸ್ಥೆಯಲ್ಲಿ ನೇರವಾಗಿ ಓಡುವುದಿಲ್ಲ. ಎಷ್ಟೋ ದುರ್ಬಲವಾದ ಸ್ವಿಚ್‌ನಲ್ಲಿ 2018ರಿಂದಲೇ ಓಡುತ್ತಿದೆ.

2025ರ ಜೂನ್ 5ರಂದು ಸ್ವಿಚ್ 2 ಬಂತು, ನಾಲ್ಕೇ ದಿನದಲ್ಲಿ 35 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಅದರ ಜೊತೆ ಎದ್ದ ಗಲಾಟೆ ಯಂತ್ರದ ಶಕ್ತಿಯ ಬಗ್ಗೆ ಆಗಿರಲಿಲ್ಲ, ‘ಗೇಮ್-ಕೀ ಕಾರ್ಡ್’ ಬಗ್ಗೆ ಆಗಿತ್ತು. ನೋಡಲು ಅದು ಮಾಮೂಲಿ ಕಾರ್ಟ್ರಿಜ್. ಒಳಗೆ ಗೇಮ್ ಇಲ್ಲ, ಬೀಗದ ಕೈ ಮಾತ್ರ. ಗೇಮನ್ನು ಡೌನ್‌ಲೋಡ್ ಮಾಡಿಕೊಳ್ಳಬೇಕು, ಆಡುವಾಗ ಕಾರ್ಡೂ ಒಳಗಿರಬೇಕು. ಇನ್ನೊಬ್ಬರಿಗೆ ಕೊಡಬಹುದು, ಮಾರಬಹುದು, ನಿಜ. ಆದರೆ ಡೌನ್‌ಲೋಡ್ ಸೇವೆ ನಿಂತ ದಿನ ಕೈಯಲ್ಲಿ ಉಳಿಯುವುದು ಪ್ಲಾಸ್ಟಿಕ್. ಅದೇ ದಿನ ಬಂದ ‘ಸೈಬರ್‌ಪಂಕ್ 2077’ 64 ಜಿಬಿ ಕಾರ್ಟ್ರಿಜ್‌ನಲ್ಲೇ ಬಂದದ್ದರಿಂದ, ಮನಸ್ಸು ಮಾಡಿದರೆ ದೊಡ್ಡ ಗೇಮನ್ನೂ ಕಾರ್ಟ್ರಿಜ್‌ಗೆ ತುಂಬಬಹುದು ಎಂದು ಗೊತ್ತಾಯಿತು. ಉಳಿದ ಕಂಪನಿಗಳು ಖರ್ಚು ಉಳಿಸಲು ಹೊರಟರೆ ಆಟಗಾರರು ಪ್ರಶ್ನಿಸಲೇಬೇಕು.

ಈ ಭಯ ಬರೀ ಊಹೆಯಲ್ಲ. 3ಡಿಎಸ್ ಮತ್ತು ವೀ ಯು ಯಂತ್ರಗಳ ಆನ್‌ಲೈನ್ ಅಂಗಡಿಯಲ್ಲಿ 2023ರ ಮಾರ್ಚ್ 27ರಿಂದ ಏನನ್ನೂ ಹೊಸದಾಗಿ ಕೊಳ್ಳಲಾಗುವುದಿಲ್ಲ. ಅಲ್ಲಿ ಮಾತ್ರ ಮಾರಾಟಕ್ಕಿದ್ದ ಎಷ್ಟೋ ಗೇಮ್‌ಗಳು ಕೊಳ್ಳುವವರ ಪಾಲಿಗೆ ಇಲ್ಲವಾದವು. ಪಿಸಿಯವರು ಇದನ್ನು ಕಂಡು ಬೀಗುವಂತಿಲ್ಲ. ಕ್ಯಾಲಿಫೋರ್ನಿಯಾದ ಹೊಸ ಕಾನೂನಿಗೆ ಮುಂಚಿತವಾಗಿ, ನೀವು ಕೊಳ್ಳುತ್ತಿರುವುದು ಗೇಮನ್ನಲ್ಲ, ಬಳಕೆಯ ಪರವಾನಗಿಯನ್ನು ಎಂದು ಸ್ಟೀಮ್ 2024ರ ಅಕ್ಟೋಬರ್‌ನಿಂದ ದುಡ್ಡು ಕಟ್ಟುವ ಪುಟದಲ್ಲೇ ಬರೆದು ತೋರಿಸುತ್ತಿದೆ. ಅದು ಮೊದಲಿನಿಂದಲೂ ಹಾಗೇ ಇತ್ತು, ಕಣ್ಣಿಗೆ ಬಿದ್ದದ್ದು ಈಗ. ಪಿಸಿಗಿರುವ ಅನುಕೂಲ ಒಂದೇ: ಯಂತ್ರ ಬದಲಾದರೂ ಸಂಗ್ರಹ ಜೊತೆಗೆ ಬರುತ್ತದೆ. ಕನ್ಸೋಲ್‌ನಲ್ಲಿ ತಲೆಮಾರು ಬದಲಾದಾಗ ಅದು ಕಂಪನಿಯ ದಯೆ. ಡಿಎಸ್‌ನಲ್ಲಿ ಹಿಂದಿನ ಯಂತ್ರದ ಕಾರ್ಟ್ರಿಜ್ ಓಡುತ್ತಿತ್ತು, ಸ್ವಿಚ್‌ನಲ್ಲಿ 3ಡಿಎಸ್‌ನದು ಓಡಲಿಲ್ಲ, ಸ್ವಿಚ್ 2ರಲ್ಲಿ ಸ್ವಿಚ್ ಗೇಮ್‌ಗಳು ಬಹುಪಾಲು ಓಡುತ್ತವೆ.

2025ರ ಸೆಪ್ಟೆಂಬರ್ 4ರಂದು ‘ಹಾಲೋ ನೈಟ್: ಸಿಲ್ಕ್‌ಸಾಂಗ್’ ಪಿಸಿಗೂ ಎಲ್ಲ ಮುಖ್ಯ ಕನ್ಸೋಲ್‌ಗಳಿಗೂ ಒಂದೇ ದಿನ ಬಂತು. ಮೊದಲ ಗೇಮಿಗೆ ಎರಡು ಸಲ ದುಡ್ಡು ಕೊಟ್ಟ ನಾನು ಈ ಸಲ ಪಿಸಿ ಪ್ರತಿಯನ್ನು ಮಾತ್ರ ಕೊಂಡೆ. ಸಂಜೆ ಮೇಜಿನ ಮುಂದೆ ಬಿಟ್ಟ ಜಾಗದಿಂದಲೇ ರಾತ್ರಿ ಹಾಸಿಗೆಯಲ್ಲಿ ಡೆಕ್ ಹಿಡಿದು ಮುಂದುವರಿಸುತ್ತೇನೆ, ನಿದ್ದೆ ಬಂದಾಗ ಬಟನ್ ಒತ್ತುತ್ತೇನೆ. ಮುಗಿದ ಮೇಲೆ ಗೆಳೆಯನ ಕೈಗೆ ಕೊಟ್ಟು ‘ನೀನೂ ಆಡು’ ಎನ್ನಲು ಕಾರ್ಟ್ರಿಜ್ ಮಾತ್ರ ಇಲ್ಲ.